ಜರ್ಮನಿ ಕೆಲಸ: ಜಾಹೀರಾತಲ್ಲಿ 3 ಲಕ್ಷ, ಕೈಗೆ ಬರೋದೆಷ್ಟು? ಸಾಲ ಮಾಡುವ ಮೊದಲು ಈ ಲೆಕ್ಕ ನೋಡಿ

‘ಜರ್ಮನಿಯಲ್ಲಿ ಕೆಲಸ. ತಿಂಗಳಿಗೆ 3 ಲಕ್ಷ ಸಂಬಳ. ಆಸ್ಪತ್ರೆ ಫ್ರೀ, ಮಕ್ಕಳ ಶಾಲೆ ಫ್ರೀ. ಕೆಲಸ ಹೋದ್ರೂ ಸರ್ಕಾರವೇ ದುಡ್ಡು ಕೊಡುತ್ತೆ.’ ನರ್ಸಿಂಗ್, ಐಟಿಐ, ಎಂಜಿನಿಯರಿಂಗ್ ಮುಗಿಸಿದ ಹುಡುಗ-ಹುಡುಗಿಯರ ಮೊಬೈಲಿಗೆ ಈಗ ಇಂಥ ಜಾಹೀರಾತು ಬರುವುದು ಸಾಮಾನ್ಯ. ಇದನ್ನು ನಂಬಿ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತೆ. ಚಿನ್ನ ಅಡ ಇಡೋದೋ, ಸೈಟ್ ಪತ್ರ ಬ್ಯಾಂಕಿಗೆ ಕೊಡೋದೋ ಎನ್ನುವ ಮಾತು ಬರುತ್ತೆ.

ಆ ಜಾಹೀರಾತಿನ ಪ್ರತಿ ಸಾಲಿನಲ್ಲೂ ಸ್ವಲ್ಪ ನಿಜ ಇದೆ. ಜರ್ಮನಿ ‘ಕಲ್ಯಾಣ ರಾಜ್ಯ’ ಅನ್ನೋದು ಹೌದು. ಆದರೆ ಅಲ್ಲಿನ ವ್ಯವಸ್ಥೆ ನಮ್ಮ ಗೃಹಲಕ್ಷ್ಮಿ ಥರ ಸರ್ಕಾರ ನೇರವಾಗಿ ಖಾತೆಗೆ ದುಡ್ಡು ಹಾಕುವಂಥದ್ದು ಅಂದುಕೊಂಡರೆ ತಪ್ಪು. ಅದರ ಮುಖ್ಯ ಭಾಗ ನಮ್ಮ ಪಿಎಫ್, ಇಎಸ್‌ಐ ಇದ್ದ ಹಾಗೆ. ಮೊದಲು ಸಂಬಳದಿಂದ ಕಟ್ಟಬೇಕು, ಆಮೇಲೆ ಸೌಲಭ್ಯ. ಹೊಸದಾಗಿ ವಿಮಾನ ಇಳಿದವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಜರ್ಮನಿ ಯಾಕೆ ಕರೀತಿದೆ?

ಎರಡನೇ ಮಹಾಯುದ್ಧದ ನಂತರ, 1950-60ರ ದಶಕದಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಅಲ್ಲಿ ಈಗ ನಿವೃತ್ತಿ ಆಗುತ್ತಿದೆ. ವಯಸ್ಸಾದವರು ಹೆಚ್ಚು, ಅವರನ್ನು ನೋಡಿಕೊಳ್ಳುವ ಕೈಗಳು ಕಡಿಮೆ. ಎಲೆಕ್ಟ್ರಿಷಿಯನ್, ಬಸ್ ಚಾಲಕರು, ಕಟ್ಟಡ ಕೆಲಸದವರಿಗೂ ಕೊರತೆ ಇದೆ.

ಭಾರತ ಮತ್ತು ಜರ್ಮನಿ 2022ರ ಡಿಸೆಂಬರ್‌ನಲ್ಲಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದ ಅಂದಿನ ಚಾನ್ಸೆಲರ್ ಓಲಾಫ್ ಶೋಲ್ಜ್, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾ ಸಂಖ್ಯೆಯನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿದರು. ಏಜೆಂಟರು ಈಗಲೂ ತೋರಿಸೋದು ಇದೇ ಸುದ್ದಿ. ಆದರೆ 90 ಸಾವಿರ ವೀಸಾಕ್ಕೆ ಅವಕಾಶ ಇದೆ ಅಂದ್ರೆ 90 ಸಾವಿರ ಕೆಲಸ ಕಾದಿದೆ ಅಂತ ಅರ್ಥ ಅಲ್ಲ.

ಇನ್ನೊಂದು ಸುದ್ದಿಯನ್ನು ಅವರು ತೋರಿಸಲ್ಲ. 2025ರ ಆಗಸ್ಟ್‌ನಲ್ಲಿ ಜರ್ಮನಿಯ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಹತ್ತು ವರ್ಷದಲ್ಲಿ ಇದೇ ಮೊದಲು. ಕಾರು ಕಂಪನಿಗಳು, ಅವುಗಳಿಗೆ ಬಿಡಿಭಾಗ ಕೊಡುವ ಕಾರ್ಖಾನೆಗಳು ಜನರನ್ನು ಕಡಿಮೆ ಮಾಡುತ್ತಿವೆ. ಅನುಭವ ಇಲ್ಲದ, ಜರ್ಮನ್ ಭಾಷೆ ಬಾರದ ಹೊಸ ಐಟಿ ಪದವೀಧರರಿಗೆ ಮೊದಲಿನಷ್ಟು ಸುಲಭ ಇಲ್ಲ. ಒಂದೇ ದೇಶದಲ್ಲಿ ಒಂದು ಕಡೆ ಕೆಲಸಗಾರರ ಕೊರತೆ, ಇನ್ನೊಂದು ಕಡೆ ನಿರುದ್ಯೋಗ. ನೀವು ಯಾವ ಕಡೆಗೆ ಬೀಳ್ತೀರಿ ಅನ್ನೋದು ನಿಮ್ಮ ಕಸುಬು ಮತ್ತು ಭಾಷೆಯ ಮೇಲೆ ನಿಂತಿದೆ.

ಯಾರಿಗೆ ಯಾವ ದಾರಿ?

ನರ್ಸ್: ಬೇಡಿಕೆ ನಿಜ. ಆದರೆ ನಮ್ಮ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಸರ್ಟಿಫಿಕೇಟ್ ಅಲ್ಲಿ ಹಾಗೇ ನಡೆಯಲ್ಲ. ಆಯಾ ರಾಜ್ಯದ ಇಲಾಖೆ ಅದನ್ನು ಪರಿಶೀಲಿಸಿ ಮಾನ್ಯತೆ ಕೊಡಬೇಕು. ಕೊರತೆ ಕಂಡರೆ ತರಬೇತಿ ಮುಗಿಸಬೇಕು, ಇಲ್ಲವೇ ಪರೀಕ್ಷೆ ಪಾಸಾಗಬೇಕು. ಅಲ್ಲಿವರೆಗೆ ಸಹಾಯಕ ಸಿಬ್ಬಂದಿಯಾಗಿ ಕಡಿಮೆ ಸಂಬಳಕ್ಕೆ ದುಡಿಯಬೇಕು. ವೃದ್ಧರ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈಯಿಂದ ಸಹಾಯಕರಿಗೆ ಕನಿಷ್ಠ ಕೂಲಿ ಗಂಟೆಗೆ 16.10 ಯೂರೋ, ಮಾನ್ಯತೆ ಪಡೆದ ನರ್ಸ್‌ಗೆ 20.50 ಯೂರೋ.

ಕೆಲಸದ ರೀತಿಯೂ ಬೇರೆ. ಇಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ಬಟ್ಟೆ ಬದಲಿಸುವುದನ್ನು ಮನೆಯವರು ಅಥವಾ ಆಯಾ ಮಾಡ್ತಾರೆ. ಅಲ್ಲಿ ಇವೆಲ್ಲ ನರ್ಸ್ ಕೆಲಸವೇ. ನಾಲ್ಕು ವರ್ಷ ಓದಿ ಬಂದು ಇದನ್ನು ಮಾಡಬೇಕಾ ಅಂತ ಮೊದಲ ತಿಂಗಳಲ್ಲೇ ಬೇಸರ ಪಡುವವರು ಇರ್ತಾರೆ. ಮೊದಲೇ ತಿಳಿದಿದ್ದರೆ ಅಷ್ಟು ನೋವಾಗಲ್ಲ.

ಐಟಿಐ: ಬಹಳ ಮಂದಿ ಇಲ್ಲೇ ಎಡವುತ್ತಾರೆ. ವಿದೇಶದ ವೃತ್ತಿ ತರಬೇತಿ ಕನಿಷ್ಠ 2 ವರ್ಷದ್ದಾಗಿರಬೇಕು ಅನ್ನೋದು ಜರ್ಮನಿಯ ಹಲವು ವೀಸಾಗಳ ಷರತ್ತು. ಎಲೆಕ್ಟ್ರಿಷಿಯನ್, ಫಿಟ್ಟರ್ ಕೋರ್ಸ್ 2 ವರ್ಷದ್ದು, ಹಾಗಾಗಿ ಲೆಕ್ಕಕ್ಕೆ ಬರುತ್ತೆ. ವೆಲ್ಡರ್, ಡೀಸೆಲ್ ಮೆಕ್ಯಾನಿಕ್‌ನಂಥ 1 ವರ್ಷದ ಕೋರ್ಸ್ ಅದಕ್ಕೆ ಸಾಲಲ್ಲ. ಅಂಥವರಿಗೆ ಇನ್ನೊಂದು ದಾರಿ ‘ಔಸ್‌ಬಿಲ್ಡುಂಗ್’. ಅಂದರೆ ಸಂಬಳ ಪಡೆಯುತ್ತಾ ಮೂರು ಅಥವಾ ಮೂರೂವರೆ ವರ್ಷ ಅಲ್ಲಿ ಹೊಸದಾಗಿ ಕಸುಬು ಕಲಿಯುವುದು. ಮೊದಲ ವರ್ಷದ ಕನಿಷ್ಠ ಭತ್ಯೆ 2025ರಲ್ಲಿ ತಿಂಗಳಿಗೆ 682 ಯೂರೋ. ಅದರಲ್ಲಿ ಊರಿಗೆ ದುಡ್ಡು ಕಳಿಸೋದು ದೂರದ ಮಾತು, ಅಲ್ಲಿ ಬದುಕುವುದಕ್ಕೇ ಸಾಲಲ್ಲ. ನರ್ಸಿಂಗ್‌ನಂಥ ಕೆಲವು ಕೋರ್ಸ್‌ಗಳಲ್ಲಿ ಭತ್ಯೆ ಹೆಚ್ಚಿರುತ್ತೆ.

ಪದವೀಧರರು: ಕೆಲಸ ಕೈಯಲ್ಲಿದ್ದರೆ ಬ್ಲೂ ಕಾರ್ಡ್. ಅದಕ್ಕೆ 2025ರಲ್ಲಿ ವರ್ಷದ ಸಂಬಳ ಕನಿಷ್ಠ 48,300 ಯೂರೋ ಇರಬೇಕಿತ್ತು. ಕೊರತೆ ಇರುವ ಕಸುಬುಗಳಿಗೆ ಮತ್ತು ಹೊಸ ಪದವೀಧರರಿಗೆ ಆ ವರ್ಷದ ಮಿತಿ ಸುಮಾರು 43,760 ಯೂರೋ ಇತ್ತು. ಇನ್ನು 45 ವರ್ಷ ದಾಟಿದವರು ಮೊದಲ ಬಾರಿ ಕೆಲಸದ ವೀಸಾದಲ್ಲಿ ಹೋಗಬೇಕಾದರೆ ನಿಗದಿತ ಮಿತಿಯ ಸಂಬಳ (2025ರಲ್ಲಿ 53,130 ಯೂರೋ) ತೋರಿಸಬೇಕು, ಇಲ್ಲವೇ ಮುಪ್ಪಿನ ಕಾಲಕ್ಕೆ ಸಾಕಷ್ಟು ಪಿಂಚಣಿ ಇದೆ ಅಂತ ತೋರಿಸಬೇಕು.

ಕೆಲಸ ಹುಡುಕಲು ಹೋಗುವವರು: 2024ರ ಜೂನ್ 1ರಿಂದ ‘ಆಪರ್ಚುನಿಟಿ ಕಾರ್ಡ್’ ಜಾರಿಯಲ್ಲಿದೆ. ಓದು, ಅನುಭವ, ಭಾಷೆ, ವಯಸ್ಸು ನೋಡಿ ಅಂಕ ಕೊಡ್ತಾರೆ. 6 ಅಂಕ ಬಂದರೆ ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಖರ್ಚಿಗೆ ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು. ವರ್ಷಕ್ಕೆ 13 ಸಾವಿರ ಯೂರೋ ದಾಟುತ್ತೆ. ಇದನ್ನು ‘ವರ್ಕ್ ವೀಸಾ’ ಅಂತ ಹೇಳಿ ಮಾರುವವರನ್ನು ನಂಬಬೇಡಿ. ಇದು ಕೆಲಸ ಹುಡುಕುವ ಅನುಮತಿ ಅಷ್ಟೆ.

ಭಾಷೆ ಇಲ್ಲದೆ ಬಾಗಿಲು ತೆರೆಯಲ್ಲ

ದೊಡ್ಡ ನಗರಗಳ ಐಟಿ ಕಂಪನಿಗಳಲ್ಲಿ ಇಂಗ್ಲಿಷ್ ನಡೆಯುತ್ತೆ. ಉಳಿದ ಕಡೆ ಜರ್ಮನ್ ಬೇಕೇಬೇಕು. ನರ್ಸ್ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟ ಕೇಳ್ತಾರೆ. ಎ1ನಿಂದ ಬಿ2 ತಲುಪಲು ಚೆನ್ನಾಗಿ ಓದಿದರೂ ಒಂದು ವರ್ಷದ ಆಸುಪಾಸು ಬೇಕು. ‘ಮೂರೇ ತಿಂಗಳಲ್ಲಿ ಬಿ2’ ಅನ್ನುವ ಬೋರ್ಡ್ ಕಂಡರೆ ಅನುಮಾನ ಪಡಿ. ಸರ್ಟಿಫಿಕೇಟ್ ಹೇಗೋ ಸಿಕ್ಕಿತು ಅಂದುಕೊಳ್ಳಿ. ವಾರ್ಡಿನಲ್ಲಿ 85 ವರ್ಷದ ಅಜ್ಜಿ ತನ್ನ ಊರಿನ ಧಾಟಿಯಲ್ಲಿ ಎದೆ ನೋವು ಅಂದಾಗ ಅರ್ಥ ಆಗದಿದ್ದರೆ ಏನು ಮಾಡೋದು?

3 ಲಕ್ಷದಲ್ಲಿ ಕೈಗೆ ಎಷ್ಟು?

ಒಂದು ಯೂರೋಗೆ ಸುಮಾರು 100 ರೂಪಾಯಿ ಅಂತ ಹಿಡಿಯೋಣ. ಮದುವೆಯಾಗದ, ಮಕ್ಕಳಿಲ್ಲದ ವ್ಯಕ್ತಿಗೆ ತಿಂಗಳ ಸಂಬಳ 3,000 ಯೂರೋ. 2025ರ ದರದಂತೆ ಕಡಿತ ಹೀಗಿರುತ್ತೆ:

• ಪಿಂಚಣಿ ವಿಮೆ: ಶೇ 9.3, ಅಂದರೆ 279 ಯೂರೋ
• ಆರೋಗ್ಯ ವಿಮೆ: ಸುಮಾರು ಶೇ 8.5, ಅಂದರೆ 255 ಯೂರೋ ಆಸುಪಾಸು
• ವೃದ್ಧಾಪ್ಯ ಆರೈಕೆ ವಿಮೆ: ಶೇ 2.4, ಅಂದರೆ 72 ಯೂರೋ
• ನಿರುದ್ಯೋಗ ವಿಮೆ: ಶೇ 1.3, ಅಂದರೆ 39 ಯೂರೋ
• ಆದಾಯ ತೆರಿಗೆ: ಸುಮಾರು 300 ಯೂರೋ

ಕೈಗೆ ಬರೋದು ಸುಮಾರು 2,050 ಯೂರೋ. ಜಾಹೀರಾತಿನ 3 ಲಕ್ಷ ಇಲ್ಲಿ 2 ಲಕ್ಷ ಆಯ್ತು.

ಈಗ ಖರ್ಚು. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ 700-800 ಯೂರೋ, ಪೂರ್ವ ಭಾಗದ ಕೆಮ್ನಿಟ್ಸ್‌ನಂಥ ಊರಲ್ಲಿ 300ರ ಆಸುಪಾಸು. ಮಧ್ಯದ ಲೆಕ್ಕ 600 ಇಟ್ಟುಕೊಳ್ಳಿ. ಊಟಕ್ಕೆ 250. ದೇಶದೆಲ್ಲೆಡೆ ನಗರ ಬಸ್, ಲೋಕಲ್ ರೈಲಿಗೆ ನಡೆಯುವ ಮಾಸಿಕ ಪಾಸ್ 2025ರಲ್ಲಿ 58 ಇತ್ತು. ಟಿವಿ ಇರಲಿ ಇಲ್ಲದಿರಲಿ, ಪ್ರತಿ ಮನೆಗೂ ಪ್ರಸಾರ ಶುಲ್ಕ 18.36. ಮೊಬೈಲ್, ಬಟ್ಟೆ, ಚಳಿಗಾಲದ ಜಾಕೆಟ್, ಇತರೆ 150-200. ಒಟ್ಟು ಸುಮಾರು 1,100 ಯೂರೋ. ಬಿಗಿಯಾಗಿ ಬದುಕಿದರೆ ತಿಂಗಳಿಗೆ 90 ಸಾವಿರ ರೂಪಾಯಿ ಉಳಿಯಬಹುದು. ಅದೂ ಒಬ್ಬರೇ ಇದ್ದರೆ. ಹೆಂಡತಿ-ಮಕ್ಕಳ ಜೊತೆ ಒಂದೇ ಸಂಬಳದಲ್ಲಿ ಇದ್ದರೆ ಉಳಿತಾಯ ಹೆಚ್ಚುಕಡಿಮೆ ಇಲ್ಲ.

10 ಲಕ್ಷ ಸಾಲ ಮಾಡಿ ಹೋದವರಿಗೆ ಬಡ್ಡಿ ಸೇರಿ ಸಾಲ ತೀರಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಸಹಾಯಕರ ಸಂಬಳದಲ್ಲಿ ಇನ್ನೂ ತಡ. 2025ರಲ್ಲಿ ದೇಶದ ಸಾಮಾನ್ಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು, 2026ರ ಜನವರಿಯಿಂದ 13.90 ಯೂರೋ.

‘ಅಲ್ಲಿನ ಭಾರತೀಯರು ಸರಾಸರಿ 5 ಸಾವಿರ ಯೂರೋ ದುಡೀತಾರಲ್ಲ’ ಅಂತ ಕೇಳಬಹುದು. ಪೂರ್ಣಾವಧಿ ಕೆಲಸದಲ್ಲಿರುವ ಭಾರತೀಯರ ಸಂಬಳ ಜರ್ಮನ್ನರಿಗಿಂತಲೂ ಹೆಚ್ಚಿದೆ ಅನ್ನೋದು ನಿಜವೇ. ಅದಕ್ಕೆ ಕಾರಣ ಅವರಲ್ಲಿ ಎಂಜಿನಿಯರ್, ಐಟಿ, ಸಂಶೋಧನೆಯ ಜನ ಹೆಚ್ಚಿರುವುದು. ಸೈಕಲ್ ಮೇಲೆ ಊಟ ತಲುಪಿಸುವ ಹುಡುಗನ ಸಂಬಳ ಅಷ್ಟಿರಲ್ಲ.

ಕಡಿತವಾದ ದುಡ್ಡು ಎಲ್ಲಿ ಹೋಗುತ್ತೆ?

ಕಲ್ಯಾಣ ರಾಜ್ಯದ ನಿಜವಾದ ಬೆಲೆ ಗೊತ್ತಾಗೋದು ಕಷ್ಟ ಬಂದಾಗ. ಆ ಕಡಿತಕ್ಕೆ ಪ್ರತಿಯಾಗಿ ಸಿಗುವುದು ಇಷ್ಟು:

ಆರೋಗ್ಯ: ವಿಮೆ ಕಾರ್ಡ್ ತೋರಿಸಿದರೆ ವೈದ್ಯರಿಗೆ ಫೀಸ್ ಇಲ್ಲ. ಆಸ್ಪತ್ರೆ ಸೇರಿದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ದುಡಿಯದ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳಿಗೆ ಬೇರೆ ಕಂತು ಕಟ್ಟಬೇಕಿಲ್ಲ. ಆದರೆ ತಜ್ಞ ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುತ್ತೆ.

ಕಾಯಿಲೆ ಬಿದ್ದರೆ: ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿದ್ದರೆ, ಆರು ವಾರದವರೆಗೆ ಮಾಲೀಕರು ಪೂರ್ತಿ ಸಂಬಳ ಕೊಡಬೇಕು. ಆಮೇಲೆ ವಿಮೆಯಿಂದ ಭತ್ಯೆ.

ರಜೆ: ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ. ಅಂಗಡಿ ಇಟ್ಟವರಿಗೆ ಆಶ್ಚರ್ಯ ಆಗಬಹುದು, ಭಾನುವಾರ ಅಲ್ಲಿ ಬಹುತೇಕ ಎಲ್ಲ ಅಂಗಡಿಗಳೂ ಬಂದ್. ಕಾನೂನೇ ಹಾಗಿದೆ.

ಮಕ್ಕಳು: ಶಾಲೆ ಉಚಿತ. ಅಲ್ಲಿ ವಾಸವಿರುವ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ ಭತ್ಯೆ. ಇದು 2025ರ ದರ. ಮಕ್ಕಳನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟು ಹೋದರೆ ಈ ಲೆಕ್ಕ ಹಾಕಬೇಡಿ.

ಪಿಂಚಣಿ: ಕನಿಷ್ಠ 5 ವರ್ಷ ಕಟ್ಟಿರಬೇಕು. ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅರ್ಹತೆ ನೋಡುವಾಗ ಇಲ್ಲಿ ಇಪಿಎಫ್ ಕಟ್ಟಿದ ಅವಧಿಯನ್ನೂ ಸೇರಿಸಬಹುದು. ಅಲ್ಲಿಯ ಪಿಂಚಣಿಯನ್ನು ಊರಲ್ಲಿದ್ದೂ ಪಡೆಯಬಹುದು. ಹಾಗಾಗಿ ಹಳೆಯ ಪಿಎಫ್ ದಾಖಲೆ ಎಸೆಯಬೇಡಿ.

ಕೆಲಸ ಹೋದರೆ ಏನು?

ಜಾಹೀರಾತು ಹೆಚ್ಚು ದಾರಿ ತಪ್ಪಿಸುವುದು ಈ ವಿಷಯದಲ್ಲಿ. ಕೆಲಸ ಹೋದಾಗ ಸಿಗುವ ಹಣ ಎರಡು ಬಗೆಯದು.

ಮೊದಲನೆಯದು ನಿರುದ್ಯೋಗ ವಿಮೆ. ಕಳೆದ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ಕಂತು ಕಟ್ಟಿರಬೇಕು. ಆಗ ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67 ಸಿಗುತ್ತೆ. ಒಂದು ವರ್ಷ ಕಟ್ಟಿದವರಿಗೆ 6 ತಿಂಗಳು, ಎರಡು ವರ್ಷ ಕಟ್ಟಿದವರಿಗೆ 12 ತಿಂಗಳು. ಇದು ನೀವು ಕಟ್ಟಿದ ದುಡ್ಡಿಗೆ ಸಿಗುವ ಹಕ್ಕು, ದಾನ ಅಲ್ಲ.

ಎರಡನೆಯದು ತೆರಿಗೆ ಹಣದಿಂದ ಬಡವರಿಗೆ ಕೊಡುವ ನೆರವು. ಒಬ್ಬರಿಗೆ ತಿಂಗಳಿಗೆ 563 ಯೂರೋ ಮತ್ತು ಮನೆ ಬಾಡಿಗೆ ಅಂತ ಸುದ್ದಿಯಲ್ಲಿ ಓದುವುದು ಇದನ್ನೇ. ಕೆಲಸ ಹುಡುಕುವ ವೀಸಾದಲ್ಲಿ ಹೋದವರಿಗೆ ಇದು ಸಿಗಲ್ಲ. ಕೆಲಸದ ವೀಸಾದವರಿಗೂ ‘ನನ್ನ ಖರ್ಚು ನಾನೇ ನೋಡಿಕೊಳ್ತೀನಿ’ ಅನ್ನೋದೇ ಅಲ್ಲಿರುವುದಕ್ಕೆ ಮುಖ್ಯ ಷರತ್ತು. ಈ ನೆರವಿಗೆ ಕೈಯೊಡ್ಡಿದರೆ ವೀಸಾ ಮುಂದುವರಿಯುವುದಕ್ಕೇ ತೊಡಕು.

ಈಗ ಮೊದಲ ವರ್ಷ ನೆನಪಿಸಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ತೆಗೆಯಬಹುದು. 12 ತಿಂಗಳು ಕಂತು ತುಂಬಿರಲ್ಲ, ಹಾಗಾಗಿ ನಿರುದ್ಯೋಗ ಭತ್ಯೆ ಇಲ್ಲ. ಕೆಲಸ ಹೋದ ವಿಷಯವನ್ನು ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಬೇರೆ ಕೆಲಸ ಹುಡುಕಲು ಕಚೇರಿ ಸ್ವಲ್ಪ ಕಾಲ ಕೊಡಬಹುದು, ಸಿಗದಿದ್ದರೆ ವಾಪಸ್. ಇತ್ತ ಊರಲ್ಲಿ ಸಾಲದ ಬಡ್ಡಿ ಓಡುತ್ತಿರುತ್ತೆ. ಅಂದರೆ ಸಾಲ ಅತಿ ಹೆಚ್ಚಿರುವ ಹೊತ್ತಿನಲ್ಲೇ ರಕ್ಷಣೆ ಅತಿ ಕಡಿಮೆ.

ಈ ಕಷ್ಟದ ಅವಧಿ ದಾಟಿದವರಿಗೆ ಮಾತ್ರ ನೆಲೆ ಗಟ್ಟಿ. ಕುಶಲ ಕೆಲಸಗಾರರು 3 ವರ್ಷ ದುಡಿದು, ಪಿಂಚಣಿ ಕಂತು ಕಟ್ಟಿ, ಬಿ1 ಭಾಷೆ ಕಲಿತಿದ್ದರೆ ಕಾಯಂ ವಾಸದ ಅನುಮತಿ ಕೇಳಬಹುದು. ಬ್ಲೂ ಕಾರ್ಡ್‌ನವರಿಗೆ ಬಿ1 ಇದ್ದರೆ 21 ತಿಂಗಳು ಸಾಕು.

ಮೊದಲ ತಿಂಗಳ ಪರದಾಟ

ಮನೆ ಹಿಡಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಅಂತಾರೆ. ಮನೆ ಮಾಲೀಕರ ಪತ್ರ ಇಲ್ಲದೆ ಇದು ಆಗಲ್ಲ. ಇದಾಗದೆ ತೆರಿಗೆ ಸಂಖ್ಯೆ ಬರಲ್ಲ. ತೆರಿಗೆ ಸಂಖ್ಯೆ ಇಲ್ಲದಿದ್ದರೆ ಸಂಬಳದಿಂದ ಹೆಚ್ಚು ತೆರಿಗೆ ಕಡಿತ ಆಗಬಹುದು. ನೋಂದಣಿಗೆ ಅವಕಾಶ ಕೊಡದ ಕೋಣೆ ಅಗ್ಗವಾಗಿ ಸಿಕ್ಕರೂ ತಲೆನೋವೇ.

ಮನೆ ಸಿಗುವುದೇ ದೊಡ್ಡ ಸಮಸ್ಯೆ. ಒಂದು ಮನೆಗೆ ಹತ್ತಾರು ಅರ್ಜಿ. ಸಂಬಳ ಚೀಟಿ, ಸಾಲ ತೀರಿಸಿದ ಇತಿಹಾಸದ ದಾಖಲೆ ಕೇಳ್ತಾರೆ. ಹೊಸಬರ ಹತ್ತಿರ ಎರಡೂ ಇರಲ್ಲ. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬಾಡಿಗೆ ಹೇಳುವಾಗ ‘ಕೋಲ್ಡ್’, ‘ವಾರ್ಮ್’ ಅಂತ ಎರಡು ದರ ಇರುತ್ತೆ. ನೀರು, ಹೀಟಿಂಗ್, ಕಸದ ಖರ್ಚು ಸೇರಿದ್ದು ‘ವಾರ್ಮ್’. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಒಲೆ, ಕಪಾಟೂ ಇರಲ್ಲ. ಮನೆ ನೋಡದೆ ಆನ್‌ಲೈನ್‌ನಲ್ಲಿ ಅಡ್ವಾನ್ಸ್ ಕಳಿಸಬೇಡಿ.

ನೋಂದಣಿ ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9 ಚರ್ಚ್ ತೆರಿಗೆ ಬೀಳುತ್ತೆ. ಕರಾವಳಿ ಕಡೆಯಿಂದ ಹೋಗುವ ಕ್ರೈಸ್ತ ನರ್ಸ್‌ಗಳು ಇದನ್ನು ತಿಳಿದಿರಬೇಕು.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಒಂಟಿತನ ಕಾಡುತ್ತೆ. ವಲಸೆ ವಿರೋಧಿ ಮಾತೂ ಜೋರಾಗಿದೆ. ವಲಸೆ ವಿರೋಧಿಸುವ ಎಎಫ್‌ಡಿ ಪಕ್ಷ 2025ರ ಫೆಬ್ರವರಿ ಚುನಾವಣೆಯಲ್ಲಿ ಶೇ 20.8 ಮತ ಪಡೆಯಿತು.

ಏಜೆಂಟರಿಗೆ ಎಷ್ಟು ಕೊಡಬೇಕು?

ಭಾರತ ಸರ್ಕಾರದ ನಿಯಮದಂತೆ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಣಿ ಇದೆಯೇ ಅಂತ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ‘ವೀಸಾ ಕನ್ಸಲ್ಟನ್ಸಿ’ ಅಂತ ಬೋರ್ಡ್ ಹಾಕಿದವರೆಲ್ಲ ನೇಮಕಾತಿ ಏಜೆಂಟರಲ್ಲ. ಬೆಂಗಳೂರಿನಲ್ಲಿ ವಲಸಿಗರ ಸಂರಕ್ಷಣಾಧಿಕಾರಿ ಕಚೇರಿ ಇದೆ.

ನರ್ಸ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಜರ್ಮನ್ ಸರ್ಕಾರಿ ಸಂಸ್ಥೆಗಳು ನಡೆಸುವ ‘ಟ್ರಿಪಲ್ ವಿನ್’ ಯೋಜನೆಗೆ ಕೇರಳದ ನೋರ್ಕಾ 2021ರಲ್ಲಿ ಸೇರಿಕೊಂಡಿತು. ಅಲ್ಲಿ ನೇಮಕಾತಿ ಖರ್ಚನ್ನು ಕೆಲಸ ಕೊಡುವವರೇ ಭರಿಸುತ್ತಾರೆ. ವಿದೇಶಿ ನರ್ಸ್‌ಗಳಿಂದ ಹಣ ಪಡೆಯದ ಸಂಸ್ಥೆಗಳಿಗೆ ಜರ್ಮನಿ ಪ್ರತ್ಯೇಕ ಗುಣಮಟ್ಟದ ಮುದ್ರೆಯನ್ನೂ ಕೊಡುತ್ತೆ. ಅಂದರೆ ಕೊರತೆ ಇರುವುದು ಅವರಿಗೆ. ನರ್ಸ್ ಕೆಲಸಕ್ಕೆ ಲಕ್ಷಗಟ್ಟಲೆ ಕೇಳುವವರನ್ನು ‘ಯಾಕೆ?’ ಅಂತ ಕೇಳಲೇಬೇಕು.

ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ

1. ವೀಸಾ ಯಾವುದು? ಕೆಲಸದ್ದೋ, ಕೆಲಸ ಹುಡುಕುವುದೋ, ಓದಿನದೋ?
2. ಹೇಳುವ ಸಂಬಳ ಕಡಿತಕ್ಕೆ ಮೊದಲಿನದೋ, ನಂತರದ್ದೋ? ಮಾನ್ಯತೆ ಸಿಗುವವರೆಗೆ ಎಷ್ಟು?
3. ಕರಾರು ಪತ್ರದಲ್ಲಿ ಮಾಲೀಕರ ಹೆಸರು, ಊರು, ವಾರದ ಗಂಟೆ ಇದೆಯೇ?
4. ಅರ್ಧಕ್ಕೆ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕೊಡಬೇಕು ಅನ್ನುವ ಷರತ್ತು ಇದೆಯೇ? ಎಷ್ಟು ವರ್ಷ?
5. ಆರು ತಿಂಗಳಲ್ಲಿ ಕೆಲಸ ಹೋದರೆ ಕಂತು ಕಟ್ಟುವವರು ಯಾರು?

ಐದನೇ ಪ್ರಶ್ನೆಗೆ ಏಜೆಂಟ್ ಹತ್ತಿರ ಉತ್ತರ ಇರಲ್ಲ. ಅದಕ್ಕೆ ಮನೆಯವರೆಲ್ಲ ಕೂತು ಉತ್ತರ ಕಂಡುಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಸಂಬಳ, ಕರಾರಿನ ತಕರಾರು ಬಂದರೆ ‘ಫೇರ್ ಇಂಟಿಗ್ರೇಷನ್’ ಕೇಂದ್ರಗಳಲ್ಲಿ ಉಚಿತ ಸಲಹೆ ಸಿಗುತ್ತೆ. ಭಾರತ ಸರ್ಕಾರದ ‘ಮದದ್’ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಭಾಷೆ ಕಲಿತು, ಕೆಲಸದ ಕರಾರು ಕೈಯಲ್ಲಿ ಹಿಡಿದು, ಸಾಲ ಕಡಿಮೆ ಇಟ್ಟುಕೊಂಡು ಹೋದವರಿಗೆ ಜರ್ಮನಿ ಒಳ್ಳೆಯ ಜಾಗ. ಮೊದಲು ಬಿ1 ಪರೀಕ್ಷೆ ಪಾಸಾಗಿ, ಚಿನ್ನ ಅಡ ಇಡುವ ಮಾತು ಆಮೇಲೆ.